ಮನೆಯಂಗಳದ ಜೌಗು

ಮನೆಯಂಗಳದ ಜೌಗು ಎಂದರೆ ಮಳೆ ನಿಂತು ಹಲವು ದಿನಗಳಾದರೂ ಅಂಗಳದ ಅಥವಾ ಹಿತ್ತಲಿನ ಮಣ್ಣು ಆರದೆ, ಕಾಲಿಟ್ಟಲ್ಲಿ ಕುಸಿಯುವಷ್ಟು ಹಸಿಯಾಗಿರುವ ಸ್ಥಿತಿ. ಮಣ್ಣಿನ ಕಣಗಳ ನಡುವಿನ ತೆರಪಿನಲ್ಲಿ ಗಾಳಿಯ ಬದಲು ನೀರು ತುಂಬಿಕೊಳ್ಳುವುದೇ ಇದರ ಮೂಲ ಲಕ್ಷಣ. ಕರ್ನಾಟಕದಲ್ಲಿ ಇದು ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಹೆಚ್ಚು. ಬಯಲುಸೀಮೆಯ ಎರೆಮಣ್ಣಿನಲ್ಲೂ ನಗರಗಳ ತಗ್ಗು ನಿವೇಶನಗಳಲ್ಲೂ ಕಂಡುಬರುತ್ತದೆ. ನಿವಾರಣೋಪಾಯವು ನೀರಿನ ಮೂಲವನ್ನು ಅವಲಂಬಿಸಿದೆ. ಮೂಲವನ್ನು ಅರಿಯದೆ ಮೇಲೆ ಮಣ್ಣು ಹೇರಿದರೆ ನೀರು ಇಲ್ಲವಾಗುವುದಿಲ್ಲ. ಬೇರೆಡೆಗೆ, ಕೆಲವೊಮ್ಮೆ ಮನೆಯ ತಳಪಾಯದ ಕಡೆಗೇ, ಸರಿಯುತ್ತದೆ.

ಕಾರಣಗಳು

• ಮೇಲ್ಮೈ ನೀರು: ಛಾವಣಿ, ರಸ್ತೆ ಅಥವಾ ಎತ್ತರದ ನೆಲದಿಂದ ಹರಿದು ಬಂದ ಮಳೆನೀರು ತಗ್ಗಿನಲ್ಲಿ ನಿಲ್ಲುವುದು.
• ಇಂಗದ ಮಣ್ಣು: ಜೇಡಿಮಣ್ಣು, ಎರೆಮಣ್ಣು, ಅಥವಾ ಕಟ್ಟಡ ಕಾಮಗಾರಿಯ ವಾಹನಗಳ ಭಾರದಿಂದ ಗಟ್ಟಿಯಾದ ನೆಲ.
• ಒರತೆ: ಕರಾವಳಿಯಲ್ಲಿ ಮುರಕಲ್ಲಿನ ಪದರವು ನೀರನ್ನು ಸುಲಭವಾಗಿ ಒಳಬಿಡುತ್ತದೆ. ಅದರ ಕೆಳಗಿರುವ ಶೇಡಿ ಮಣ್ಣು ನೀರನ್ನು ಸುಲಭವಾಗಿ ಇಳಿಯಗೊಡುವುದಿಲ್ಲ. ಹೀಗೆ ತಡೆಯಲ್ಪಟ್ಟ ನೀರು ಅಡ್ಡಡ್ಡ ಹರಿದು ಇಳಿಜಾರಿನಲ್ಲಿ ಒರತೆಯಾಗಿ ಹೊರಬರುತ್ತದೆ.
• ಸೋರಿಕೆ: ಒಡೆದ ನೀರಿನ ಕೊಳವೆ, ತುಂಬಿದ ಶೌಚಗುಂಡಿ, ಬಚ್ಚಲ ನೀರು.

ಪರಿಣಾಮಗಳು

ಬೇರುಗಳಿಗೆ ಆಮ್ಲಜನಕ ದೊರೆಯದೆ ಗಿಡಗಳ ಎಲೆ ಹಳದಿಯಾಗಿ ಬೇರು ಕೊಳೆಯುತ್ತದೆ. ಗೋಡೆಗಳು ತೇವವನ್ನು ಹೀರುತ್ತವೆ. ನಿಂತ ನೀರಿನಲ್ಲಿ ಸೊಳ್ಳೆಯು ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಒಂದು ವಾರ ಸಾಕು. ಇಲಿಯ ಮೂತ್ರದಿಂದ ಕಲುಷಿತವಾದ ಕೆಸರಿನಲ್ಲಿ ಬರಿಗಾಲಿನಲ್ಲಿ ನಡೆದರೆ ಇಲಿಜ್ವರ ತಗಲುವ ಸಂಭವವಿದೆ. ಸೋರಿಕೆ ಶೌಚಗುಂಡಿಯದಾಗಿದ್ದರೆ ಬಾವಿಯ ನೀರೂ ಕೆಡಬಹುದು.

ಮೂಲವನ್ನು ಪತ್ತೆ ಹಚ್ಚುವುದು

ಮೊದಲು ಕಾಲವನ್ನು ಗಮನಿಸಬೇಕು. ಮಳೆ ನಿಂತ ಒಂದೆರಡು ದಿನಗಳಲ್ಲಿ ನೆಲ ಆರಿದರೆ ಅದು ಸಾಮಾನ್ಯವಾಗಿ ಮೇಲ್ಮೈ ನೀರು. ಮಳೆಗಾಲ ಮುಗಿದ ಮೇಲೂ ವಾರಗಟ್ಟಲೆ ಜಿನುಗುತ್ತಿದ್ದರೆ ಒರತೆ ಇರಬಹುದು. ಕಡು ಬೇಸಿಗೆಯಲ್ಲೂ ಒಂದೇ ಜಾಗ ಹಸಿಯಾಗಿದ್ದರೆ ಸೋರಿಕೆಯನ್ನು ಶಂಕಿಸಬೇಕು.

ಸೋರಿಕೆಯ ಪರೀಕ್ಷೆ: ಎಲ್ಲ ನಲ್ಲಿಗಳನ್ನು ಮುಚ್ಚಿ ಒಂದು ಗಂಟೆಯ ಅಂತರದಲ್ಲಿ ನೀರಿನ ಮೀಟರನ್ನು ಎರಡು ಬಾರಿ ನೋಡಬೇಕು; ಅಂಕಿ ಬದಲಾಗಿದ್ದರೆ ಸೋರಿಕೆಯಿದೆ. ಮೀಟರ್ ಇಲ್ಲದ ಮನೆಯಲ್ಲಿ ರಾತ್ರಿ ತೊಟ್ಟಿಯ ನೀರಿನ ಮಟ್ಟವನ್ನು ಗುರುತಿಸಿ ಬೆಳಿಗ್ಗೆ ಹೋಲಿಸಬಹುದು. ದುರ್ವಾಸನೆ, ಕಪ್ಪು ನೀರು, ಒಂದೇ ಕಡೆ ಸೊಂಪಾಗಿ ಬೆಳೆದ ಹುಲ್ಲು ಇವು ಶೌಚಗುಂಡಿಯ ಸೋರಿಕೆಯ ಸೂಚನೆಗಳು.

ಇಂಗುವಿಕೆಯ ಪರೀಕ್ಷೆ: 30 ಸೆಂ.ಮೀ. ಅಗಲ ಮತ್ತು ಅಷ್ಟೇ ಆಳದ ಗುಂಡಿ ತೋಡಿ ನೀರು ತುಂಬಿಸಬೇಕು. ಅದು ಇಂಗಿದ ಬಳಿಕ ಮತ್ತೆ ತುಂಬಿಸಿ ಮಟ್ಟವನ್ನು ಅಳೆಯಬೇಕು. ಗಂಟೆಗೆ 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಮಣ್ಣಿಗೆ ಇಂಗಿಸುವ ಶಕ್ತಿ ಸಾಲದು. ನೀರು ಹಾಕದೆಯೇ ಗುಂಡಿಯ ಪಕ್ಕದಿಂದ ನೀರು ಜಿನುಗಿದರೆ ಅದು ಬರುವ ದಿಕ್ಕು ಅಲ್ಲಿಯೇ ತಿಳಿಯುತ್ತದೆ. ಬೂದು ಬಣ್ಣದ ಮಣ್ಣಿನಲ್ಲಿ ತುಕ್ಕಿನಂಥ ಕಲೆಗಳಿದ್ದರೆ ಆ ನೆಲ ದೀರ್ಘಕಾಲದಿಂದ ನೀರು ಹಿಡಿದಿದೆ ಎಂದರ್ಥ. ಜೇಕು, ಕೆಸು, ಒಂದೆಲಗ ತಾವಾಗಿ ಹಬ್ಬಿರುವುದೂ ತೇವದ ಗುರುತು.

ನಿವಾರಣೋಪಾಯಗಳು

ಸೋರಿಕೆಯನ್ನು ಮೊದಲು ದುರಸ್ತಿ ಮಾಡಬೇಕು. ಅದು ಮುಗಿಯದೆ ಉಳಿದ ಕಾಮಗಾರಿ ವ್ಯರ್ಥ. ಮೇಲ್ಮೈ ನೀರಿಗೆ ಇಳಿಜಾರೇ ಪರಿಹಾರ: ಗೋಡೆಯಿಂದ ಹೊರಕ್ಕೆ ಮೊದಲ 3 ಮೀಟರಿನಲ್ಲಿ ನೆಲ ಸುಮಾರು 15 ಸೆಂ.ಮೀ. ಇಳಿಯುವಂತೆ ಮಾಡಿ, ಛಾವಣಿಯ ನೀರನ್ನು ಕೊಳವೆಯಲ್ಲಿ ದೂರ ಸಾಗಿಸಬೇಕು. ಗಟ್ಟಿಯಾದ ಮಣ್ಣನ್ನು ಅದು ಆರಿದ ಮೇಲೆ ಸಡಿಲಿಸಿ ಕಾಂಪೋಸ್ಟ್ ಗೊಬ್ಬರ ಬೆರೆಸಬೇಕು. ಹಸಿಯಾಗಿರುವಾಗ ಅಗೆದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಒರತೆಗೆ ಬಸಿಗಾಲುವೆ ಬೇಕು. ಅಡಿಕೆ ತೋಟಗಳಲ್ಲಿ ಸಾಲುಗಳ ನಡುವೆ ತೆರೆದ ಬಸಿಗಾಲುವೆ ತೋಡುವುದು ರೂಢಿಯಲ್ಲಿದೆ. ಮನೆಯ ಬಳಿ ಮುಚ್ಚಿದ ಬಸಿಗಾಲುವೆ ಅನುಕೂಲ. ಒರತೆ ಬರುವ ಎತ್ತರದ ಬದಿಯಲ್ಲಿ ಸುಮಾರು 30 ಸೆಂ.ಮೀ. ಅಗಲ, 45ರಿಂದ 60 ಸೆಂ.ಮೀ. ಆಳದ ಕಾಲುವೆ ತೋಡಿ, ಒಳಗೆ ನೀರು ಸೋಸುವ ಬಟ್ಟೆ ಹಾಸಿ, ರಂಧ್ರಗಳಿರುವ ಪಿ.ವಿ.ಸಿ. ಕೊಳವೆಯನ್ನು ಜಲ್ಲಿಯ ನಡುವೆ ಇಡಲಾಗುತ್ತದೆ. ಪ್ರತಿ 100 ಸೆಂ.ಮೀ.ಗೆ ಕನಿಷ್ಠ 1 ಸೆಂ.ಮೀ. ಇಳಿಜಾರು ಅಗತ್ಯ. ಇದನ್ನು ‘ಫ್ರೆಂಚ್ ಡ್ರೈನ್’ ಎನ್ನುತ್ತಾರೆ. ಈ ಹೆಸರು ಫ್ರಾನ್ಸ್ ದೇಶದಿಂದ ಬಂದುದಲ್ಲ. 1859ರಲ್ಲಿ ಹೊಲಗಳ ನೀರು ಬಸಿಯುವಿಕೆಯನ್ನು ಕುರಿತ ಗ್ರಂಥ ಪ್ರಕಟಿಸಿದ ಅಮೆರಿಕದ ನ್ಯಾಯಾಧೀಶ ಹೆನ್ರಿ ಫ್ಲ್ಯಾಗ್ ಫ್ರೆಂಚ್ ಅವರಿಂದ ಬಂದುದು.

ಸಣ್ಣ ತಗ್ಗನ್ನು ಹಾಗೆಯೇ ಉಳಿಸಿ ಕೆಸು, ಕಾಬಾಳೆ ಮೊದಲಾದ ತೇವಪ್ರಿಯ ಗಿಡಗಳನ್ನು ಬೆಳೆಸುವುದೂ ಒಂದು ಮಾರ್ಗ.

ಎಚ್ಚರಿಕೆಗಳು

ಇಂಗುಗುಂಡಿಯು ಎಲ್ಲ ಕಡೆಗೂ ಹೊಂದುವುದಿಲ್ಲ. ಜೇಡಿಮಣ್ಣಿನಲ್ಲಿ ಅದು ತುಂಬಿ ನಿಲ್ಲುತ್ತದೆ. ಗುಡ್ಡ ಕಡಿದು ಕಟ್ಟಿದ ಮನೆಯ ಹಿಂದಿನ ಧರೆಯ ಮೇಲೆ ಅದನ್ನು ತೋಡುವುದು ಅಪಾಯಕರ: ನೀರು ಕುಡಿದ ಶೇಡಿ ಮಣ್ಣು ಬಲ ಕಳೆದುಕೊಂಡು ಧರೆ ಕುಸಿಯಬಹುದು. ಧರೆಯಲ್ಲಿ ಬಿರುಕು ಕಂಡರೆ ಅಥವಾ ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಮನೆಯಿಂದ ಹೊರಗೆ ಸುರಕ್ಷಿತ ಸ್ಥಳಕ್ಕೆ ತೆರಳಬೇಕು. ಬಸಿದ ನೀರನ್ನು ನೆರೆಯವರ ಜಾಗಕ್ಕಾಗಲಿ, ಬಾವಿಯ ಕಡೆಗಾಗಲಿ ಹರಿಯಬಿಡಬಾರದು. ಅಗೆಯುವ ಮೊದಲು ನೆಲದಡಿಯ ವಿದ್ಯುತ್ ತಂತಿ ಮತ್ತು ಕೊಳವೆಗಳ ಸ್ಥಾನವನ್ನು ತಿಳಿದುಕೊಳ್ಳಬೇಕು.