ಟಿಪ್ಪು ಕಾಲದ ಕೋವಿಗಳು: ಊರಿನ ಶೈಲಿಯೋ, ಸರ್ಕಾರದ ಶೈಲಿಯೋ?

ವಸಾಹತು ಕಾಲದ ಅಮೆರಿಕದ ಕೋವಿಯೊಂದನ್ನು ಕೈಗೆತ್ತಿಕೊಂಡರೆ, ಬಲ್ಲವರು ಅದರ ಊರನ್ನೇ ಹೇಳಿಬಿಡುತ್ತಾರೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತಿನ ಜರ್ಮನ್ ಮೂಲದ ಕುಶಲಕರ್ಮಿಗಳ ರೈಫಲ್ ಒಂದು ಬಗೆ, ಹಡ್ಸನ್ ಕಣಿವೆಯ ಡಚ್ಚರ ಉದ್ದ ನಳಿಗೆಯ ಕೋವಿ ಇನ್ನೊಂದು ಬಗೆ. ಮಾಡುವವನೂ ಕೊಳ್ಳುವವನೂ ಒಂದೇ ಕಣಿವೆಯವರು. ಹಾಗಾಗಿ ಶೈಲಿ ಊರಿಗೆ ಅಂಟಿಕೊಂಡಿತು. ಅದೇ ಶತಮಾನದ ಮೈಸೂರು ಸೀಮೆಗೆ ಈ ಅಳತೆಗೋಲು ಹೊಂದುವುದಿಲ್ಲ.

ಟಿಪ್ಪುವಿನ ಆಳ್ವಿಕೆಯಲ್ಲಿ (1782–1799) ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ (ಬಿದನೂರು) ಇವುಗಳಲ್ಲಿ ತಾರಾಮಂಡಲವೆಂಬ ಆಯುಧ ಕಾರ್ಖಾನೆಗಳಿದ್ದವು. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರು ಅಲ್ಲಿಂದಲೇ ಬಂದದ್ದು. ಕಚ್ಚಾಮಾಲಿಗೆ ಬರವಿರಲಿಲ್ಲ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆಯ ಕಬ್ಬಿಣ, ಉಕ್ಕಿನ ಕುಲುಮೆಗಳನ್ನು ವಿವರವಾಗಿ ದಾಖಲಿಸಿದ್ದಾನೆ.

ಇಂದು ಉಳಿದಿರುವ ಅರಮನೆಯ ಕೋವಿಗಳನ್ನು ನೋಡಿ. ನಳಿಗೆಯ ಮೇಲೆ ಚಿನ್ನದ ಹುಲಿಪಟ್ಟೆ, ಕೆಲವದರ ಚಕಮಕಿ ಕುದುರೆಗೂ ಹುಲಿಯ ರೂಪ, ಜೊತೆಗೆ ತಯಾರಕನ ಹೆಸರು, ಊರು, ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ವರ್ಷ. ಆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನು ಮರೆತವರ ಕಾಲನಿರ್ಣಯ ತಲೆಕೆಳಗಾಗುತ್ತದೆ. ಜೋಡಿ ಪಿಸ್ತೂಲುಗಳಲ್ಲಿ ಒಂದರ ಚಕಮಕಿ ಎಡಕ್ಕೆ, ಇನ್ನೊಂದರದು ಬಲಕ್ಕೆ. ಚಕಮಕಿಯ ರಚನೆಯಲ್ಲಿ ಫ್ರೆಂಚ್ ಮಾದರಿಯ ನೆರಳಿದೆ. 1788ರಲ್ಲಿ ಹದಿನಾರನೇ ಲೂಯಿಯ ಆಸ್ಥಾನಕ್ಕೆ ಹೋದ ಟಿಪ್ಪುವಿನ ರಾಯಭಾರಿಗಳು ಕುಶಲಕರ್ಮಿಗಳನ್ನೂ ಕೇಳಿ ಕರೆತಂದಿದ್ದರು. ಆದರೆ ಬಂದ ವಿದ್ಯೆಯೆಲ್ಲ ಇಲ್ಲಿ ಬೇರೂರಿತು ಎನ್ನುವಂತಿಲ್ಲ. ಫಿರಂಗಿ ಕೊರೆಯಲು ಫ್ರೆಂಚನೊಬ್ಬ ಹೂಡಿದ್ದ ನೀರಿನ ಯಂತ್ರದ ಚಕ್ರ ತೆಗೆಸಿ, ಸುಲ್ತಾನ ಅದಕ್ಕೆ ಎತ್ತು ಕಟ್ಟಿಸಿದ ಎಂದು ಬುಕಾನನ್ ಬರೆಯುತ್ತಾನೆ. ಬರೆದವನು ಗೆದ್ದವರ ಕಡೆಯವನು ಎಂಬುದನ್ನೂ ನೆನಪಿಡಬೇಕು.

ಇಷ್ಟೆಲ್ಲದರಲ್ಲಿ ಬೆಂಗಳೂರಿನದೆನ್ನಬಹುದಾದ ಗುರುತು ಯಾವುದು? ನನಗೆ ಕಾಣುವುದು ಊರಿನ ಕೈಗಿಂತ ದೊರೆಯ ಮುದ್ರೆ. ಊರನ್ನು ತಿಳಿಯಲು ಆಕಾರಕ್ಕಿಂತ ಬರಹವನ್ನೇ ನೆಚ್ಚಬೇಕು. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ವಶವಾಯಿತು. ಮರುವರ್ಷದ ಒಪ್ಪಂದದಲ್ಲಿ ಬೆಂಗಳೂರು ಟಿಪ್ಪುವಿಗೆ ಮರಳಿದರೂ ಅವನು ಕೋಟೆಯನ್ನೇ ಕೆಡವಿಸಿದ. ಸ್ವಂತ ಶೈಲಿಯೊಂದು ಮಾಗಲು ಇಲ್ಲಿನ ಕಾರ್ಖಾನೆಗೆ ಬಿಡುವೆಲ್ಲಿತ್ತು?

ಇನ್ನೊಂದು ಎಚ್ಚರ. ಉಳಿದು ಬಂದವುಗಳಲ್ಲಿ ಎದ್ದು ಕಾಣುವುದು ದೊರೆಯ ಬೇಟೆಗೂ ಉಡುಗೊರೆಗೂ ಮಾಡಿದ ಸೊಗಸಿನ ಸಾಮಾನು. ಸಿಪಾಯಿಯ ಸಾದಾ ಬಂದೂಕನ್ನು 1799ರ ನಂತರ ಜೋಪಾನ ಮಾಡುವ ಆಸಕ್ತಿ ಯಾರಿಗಿತ್ತು? ಊರೂರಿನ ಕೈಚಳಕ ಎಲ್ಲಾದರೂ ಇದ್ದಿದ್ದರೆ ಅದರಲ್ಲೇ ಇದ್ದಿರಬೇಕು.

ಅಮೆರಿಕದ ಹೋಲಿಕೆ ನಿಜವಾಗಿ ಕೂಡಿಬರುವುದು ಕೊಡಗಿನಲ್ಲಿ. ಅಲ್ಲಿ ತೋಕ್ (ಕೋವಿ) ಸರ್ಕಾರದ ಸೊತ್ತಲ್ಲ, ಮನೆತನದ ಮೂಲಮನೆಯಾದ ಐನ್‌ಮನೆಯದು. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಅದಕ್ಕೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ಬ್ರಿಟಿಷರು 1861ರಲ್ಲಿ ಕೊಡವರಿಗೆ ಆಯುಧ ಕಾಯ್ದೆಯಿಂದ ಕೊಟ್ಟ ವಿನಾಯಿತಿ ಇಂದಿಗೂ ಜಾರಿಯಲ್ಲಿದೆ.