ಶಾಸ್ತ್ರದಾನವೂ ಪ್ರತಿಕಾರನ ಧರ್ಮಸಂಕಟವೂ

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರನ್ನು ಗೃಹಸ್ಥನು ತನ್ನ ಮನೆಯ ಬಾಗಿಲಲ್ಲಿಯೇ ನೆರವೇರಿಸಬಲ್ಲನು. ಶಾಸ್ತ್ರದಾನವು ಹಾಗಲ್ಲ. ಅಚ್ಚಿನ ಯಂತ್ರ ಬರುವುದಕ್ಕೆ ಮುಂಚೆ ಒಂದು ಗ್ರಂಥವನ್ನು ದಾನಮಾಡಬೇಕಾದರೆ ಓಲೆಯನ್ನು ಹದಗೊಳಿಸುವವನು, ಮಸಿ ಅರೆಯುವವನು, ಬರೆಯುವವನು, ಓದಿ ತಿದ್ದುವವನು, ಹಲಗೆ ಕಟ್ಟುವವನು, ಇಷ್ಟು ಜನರ ಶ್ರಮ ಒಂದೆಡೆ ಕೂಡಬೇಕಾಗುತ್ತಿತ್ತು. ದಾನಚಿಂತಾಮಣಿ ಅತ್ತಿಮಬ್ಬೆಯು ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಸಂಗತಿಯನ್ನು ಸಮಾಜವು ಹೆಮ್ಮೆಯಿಂದ ನೆನೆಯುತ್ತದೆ. ಆ ಸಾವಿರ ಪ್ರತಿಗಳ ಹಿಂದೆ ಕುಳಿತಿದ್ದ ಲಿಪಿಕಾರರ ಹೆಸರುಗಳು ಮಾತ್ರ ಯಾರಿಗೂ ತಿಳಿಯವು.

ಓಲೆಯಲ್ಲಿ ಎರಡು ಬಗೆ. ಸಾಮಾನ್ಯ ತಾಳೆಯ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆದು, ಮೇಲೆ ಕಾಡಿಗೆಯನ್ನು ಸವರಿ ಒರೆಸುತ್ತಿದ್ದರು; ಕೊರೆದ ಗೆರೆಗಳಲ್ಲಿ ಕಪ್ಪು ನಿಂತು ಅಕ್ಷರ ಕಾಣಿಸುತ್ತಿತ್ತು. ಶ್ರೀತಾಳೆಯ ಗರಿ ಅಗಲವಾದುದು, ಮೃದುವಾದುದು. ಅದರ ಮೇಲೆ ಲೇಖನಿಯನ್ನು ಮಸಿಯಲ್ಲಿ ಅದ್ದಿ ಬರೆಯಬಹುದಾಗಿತ್ತು. ವ್ಯಾಪಾರಿಗಳ ಲೆಕ್ಕಕ್ಕೆ ಕಡತವಿತ್ತು. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಅಳಿಸಿ ಮತ್ತೆ ಬರೆಯುತ್ತಿದ್ದರು. ಕಾಗದವು ಗುಜರಾತ, ರಾಜಸ್ಥಾನಗಳ ಜ್ಞಾನಭಂಡಾರಗಳಲ್ಲಿ ಹದಿನಾಲ್ಕನೆಯ ಶತಮಾನದಿಂದ ಬಳಕೆಗೆ ಬಂದಿತು. ಅಲ್ಲಿಯ ಲಿಪಿಕಾರರು ಹಲಗೆಗೆ ಸಾಲುಸಾಲಾಗಿ ದಾರ ಬಿಗಿದು, ಅದರ ಮೇಲೆ ಕಾಗದವಿಟ್ಟು ಉಜ್ಜಿ, ಮಸಿಯಿಲ್ಲದೆಯೇ ಗೆರೆ ಮೂಡಿಸುತ್ತಿದ್ದರು. ದಖ್ಖನಿನಲ್ಲಿ ದೌಲತಾಬಾದಿನ ಬಳಿಯ ಕಾಗಜಿಪುರವು ಕೈಕಾಗದಕ್ಕೆ ಹೆಸರಾಯಿತು. ಬೀದರಿನ ಕುಶಲಕರ್ಮಿಗಳು ಕಪ್ಪು ಲೋಹದಲ್ಲಿ ಬೆಳ್ಳಿಯ ಕುಸುರಿ ಕೂರಿಸಿ ಕಲಮದಾನಿಗಳನ್ನು ಮಾಡಿದರು. ಜನವಾಡ, ಭಾಲ್ಕಿ, ಔರಾದಗಳ ಸೀಮೆಗೆ ಬಿದರಿ ಕೆಲಸವು ಮನೆಯ ಮಾತು. ಆ ಕಲಮದಾನಿಯು ಬರೆಯುವ ಕೈಗೆ ಅಂದು ಸಂದ ಗೌರವದ ಗುರುತೆಂಬುದನ್ನು ನೆನೆಯುವವರು ವಿರಳ.

ಈ ಸೀಮೆಗೆ ದಕ್ಷಿಣದಲ್ಲಿರುವ ಮಳಖೇಡವೇ ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ರಾಷ್ಟ್ರಕೂಟರ ಕಾಲದಲ್ಲಿಯೇ ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ ಧವಲಾ ಟೀಕೆಯನ್ನು ಕ್ರಿ. ಶ. 816ರಲ್ಲಿ ಮುಗಿಸಿದರು. ಅವರು ಆರಂಭಿಸಿದ ಜಯಧವಲೆಯನ್ನು ಶಿಷ್ಯರಾದ ಜಿನಸೇನಾಚಾರ್ಯರು ಅಮೋಘವರ್ಷನ ಆಳ್ವಿಕೆಯಲ್ಲಿ 837ರಲ್ಲಿ ಪೂರೈಸಿದರು. ಧವಲೆಯ ಪ್ರಮಾಣ 72 ಸಾವಿರ ಗ್ರಂಥ, ಜಯಧವಲೆಯದು 60 ಸಾವಿರ. ಒಂದು ಗ್ರಂಥಕ್ಕೆ 32 ಅಕ್ಷರಗಳ ಲೆಕ್ಕದಲ್ಲಿ ಎರಡೂ ಸೇರಿ 42 ಲಕ್ಷ 24 ಸಾವಿರ ಅಕ್ಷರಗಳಾಗುತ್ತವೆ. ಒಮ್ಮೆ ಪ್ರತಿಮಾಡಿಸುವುದೆಂದರೆ ಇಷ್ಟು ಅಕ್ಷರಗಳನ್ನು ಒಂದೊಂದಾಗಿ ನೋಡಿ, ಒಂದೊಂದಾಗಿ ಬರೆಯುವುದೆಂದೇ ಅರ್ಥ.

ಈ ಮಹಾಗ್ರಂಥಗಳ ಪ್ರಾಚೀನ ಓಲೆಪ್ರತಿಗಳು ಉಳಿದುಬಂದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ. ಹೊಯ್ಸಳ ವಿಷ್ಣುವರ್ಧನನ ಕಾಲದ ಈ ಓಲೆಗಳು ಕಂಟದಿಂದ ಕೊರೆದವಲ್ಲ, ಮಸಿಯಿಂದ ಬರೆದವು. ಕೆಲವು ಗರಿಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ಮಹಾಧವಲವೆಂದು ಪ್ರಸಿದ್ಧವಾದ ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯೆಂಬ ಶ್ರಾವಕಿಯು ಶ್ರೀಪಂಚಮಿ ವ್ರತದ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳೆಂದು ಅದರ ಪ್ರಶಸ್ತಿಯು ತಿಳಿಸುತ್ತದೆ.

ಕಾಲಾಂತರದಲ್ಲಿ ಈ ಗ್ರಂಥಗಳು ಓದುವ ವಸ್ತುವಾಗಿ ಉಳಿಯದೆ ದರ್ಶನದ ವಸ್ತುವಾದವು. ಯಾತ್ರಿಕರು ಬರುತ್ತಿದ್ದರು, ಕಾಣಿಕೆ ಸಲ್ಲಿಸುತ್ತಿದ್ದರು, ಕೈಮುಗಿದು ಹೋಗುತ್ತಿದ್ದರು. 1883ರಲ್ಲಿ ಮುಂಬಯಿಯ ಶೇಠ್ ಮಾಣಿಕಚಂದರು ಯಾತ್ರೆಗೆ ಬಂದಾಗ ಓಲೆಗಳು ಜೀರ್ಣವಾಗುತ್ತಿರುವುದನ್ನು ಕಂಡು ಕಳವಳಗೊಂಡರು. ಅವರ ಪ್ರೇರಣೆಯಿಂದ ಸೊಲ್ಲಾಪುರದ ಶೇಠ್ ಹೀರಾಚಂದ ನೇಮಚಂದರು ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳನ್ನು ಕರೆದುಕೊಂಡು ಮೂಡುಬಿದಿರೆಗೆ ಬಂದರು. ಹಳೆಯ ಲಿಪಿಯನ್ನು ಓದಬಲ್ಲವರು ಆಗ ಅಷ್ಟು ವಿರಳರಾಗಿದ್ದರು. ಹಲವು ವರ್ಷಗಳ ಮಾತುಕತೆಯ ನಂತರ, 1896ರ ಸುಮಾರಿಗೆ, ಬ್ರಹ್ಮಸೂರಿ ಶಾಸ್ತ್ರಿಗಳೂ ಮೀರಜದ ಗಜಪತಿ ಉಪಾಧ್ಯಾಯರೂ ಕಾಗದದ ಮೇಲೆ ಪ್ರತಿಮಾಡಲು ಕುಳಿತರು. ಕರಾರು ಸ್ಪಷ್ಟವಾಗಿತ್ತು: ಪ್ರತಿಗಳು ಮೂಡುಬಿದಿರೆಯಲ್ಲಿಯೇ ಉಳಿಯಬೇಕು, ಹೊರಗೆ ಹೋಗಕೂಡದು. ಬ್ರಹ್ಮಸೂರಿ ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು. ಕೆಲಸವು ಬೇರೆ ಬೇರೆ ಕೈಗಳಲ್ಲಿ ಮುಂದುವರಿದು 1922ರಲ್ಲಿ ಮುಗಿಯಿತು. ಇಪ್ಪತ್ತಾರು ವರ್ಷಗಳ ದುಡಿಮೆ!

ಇದೇ ಅವಧಿಯಲ್ಲಿ ಒಂದು ಸಂಗತಿ ನಡೆಯಿತು. ಗಜಪತಿ ಉಪಾಧ್ಯಾಯರು ಹಗಲು ಬಸದಿಗಾಗಿ ಬರೆಯುತ್ತ, ತಮ್ಮ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಮನೆಯಲ್ಲಿ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದನ್ನು ಹೊತ್ತು ಸೊಲ್ಲಾಪುರದ ಹೀರಾಚಂದರ ಬಳಿಗೆ ಹೋಗಿ, ಪ್ರತಿಫಲವನ್ನು ಕೊಟ್ಟು ಸ್ವೀಕರಿಸುವಂತೆ ಕೇಳಿದರು. ಈ ಗ್ರಂಥಗಳು ಹೊರಬರಲೆಂದು ಬಹುಕಾಲ ಶ್ರಮಿಸಿದ ಹೀರಾಚಂದರು ಅದನ್ನು ಸ್ವೀಕರಿಸಲಿಲ್ಲ. ಗುಟ್ಟಾಗಿ ಮಾಡಿದ ಪ್ರತಿಯನ್ನು ಕೊಳ್ಳುವುದು ಉಚಿತವಲ್ಲವೆಂದು ತಮ್ಮ ಮಿತ್ರ ಮಾಣಿಕಚಂದರಿಗೂ ತಿಳಿಸಿದರು. ಉಪಾಧ್ಯಾಯರು ಉತ್ತರಕ್ಕೆ ನಡೆದರು. ಸಹಾರನಪುರದ ಲಾಲಾ ಜಂಬೂಪ್ರಸಾದರು ಪ್ರತಿಯನ್ನು ಕೊಂಡು ತಮ್ಮ ಮಂದಿರದಲ್ಲಿ ಇರಿಸಿದರು. ಅಲ್ಲಿ ವಿಜಯಚಂದ್ರಯ್ಯನವರು ಕನ್ನಡವನ್ನು ಓದಿ ಹೇಳಲು, ಸೀತಾರಾಮ ಶಾಸ್ತ್ರಿಗಳು ನಾಗರಿಯಲ್ಲಿ ಬರೆದುಕೊಂಡರು. ಸೀತಾರಾಮ ಶಾಸ್ತ್ರಿಗಳೂ ತಮಗಾಗಿ ಒಂದು ಪ್ರತಿಯನ್ನು ಗುಟ್ಟಾಗಿ ಉಳಿಸಿಕೊಂಡರು! ಅದರಿಂದ ಆರಾ, ಕಾರಂಜಾ, ಅಮರಾವತಿ ಮೊದಲಾದ ಊರುಗಳಿಗೆ ಪ್ರತಿಗಳು ಹೊರಟವು. ಆ ಪ್ರತಿಗಳ ಆಧಾರದಿಂದಲೇ ಡಾ. ಹೀರಾಲಾಲ ಜೈನರು 1939ರಲ್ಲಿ ಷಟ್ಖಂಡಾಗಮದ ಮೊದಲ ಸಂಪುಟವನ್ನು ಪ್ರಕಟಿಸಿದರು. ಒಟ್ಟು ಹದಿನಾರು ಸಂಪುಟಗಳು ಹೊರಬಂದವು.

ಇಲ್ಲಿ ಯಾರದು ತಪ್ಪು, ಯಾರದು ಸರಿ? ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತದಾಹೃತಾದಾನವನ್ನು, ಎಂದರೆ ಕದ್ದು ತಂದುದನ್ನು ಸ್ವೀಕರಿಸುವುದನ್ನು, ಎಣಿಸಿದೆ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಬಂದ ಸರಕಿನ ಮೂಲವನ್ನು ವಿಚಾರಿಸದೆ ಕೊಳ್ಳುವ ವರ್ತಕನಿಗೆ ಈ ಸೂತ್ರವು ನೇರವಾಗಿ ತಾಗುತ್ತದೆ. ಹೀರಾಚಂದರು ವರ್ತಕರು, ಸರಕು ಆಗಮಗ್ರಂಥವೇ ಆಗಿದ್ದರೂ ಅವರು ನಿಯಮವನ್ನು ಸಡಿಲಿಸಲಿಲ್ಲ. ಅದೇ ತತ್ತ್ವಾರ್ಥಸೂತ್ರವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಲ್ಲಿ ನಿಹ್ನವ, ಮಾತ್ಸರ್ಯ, ಅಂತರಾಯಗಳನ್ನೂ ಹೆಸರಿಸಿದೆ. ತಿಳಿದುದನ್ನು ಮರೆಮಾಚುವುದು, ಕೊಡಬಹುದಾದ ಜ್ಞಾನವನ್ನು ಕೊಡದಿರುವುದು, ಕಲಿಯುವವನಿಗೆ ಅಡ್ಡಿಯಾಗುವುದು ಇವೂ ದೋಷಗಳೇ. ಬೀಗ ಹಾಕಿದವರನ್ನು ಬಿಟ್ಟು ಬರೆದುಕೊಂಡವನನ್ನು ಮಾತ್ರ ದೂರುವುದು ಸೂತ್ರದ ಅರ್ಧವನ್ನಷ್ಟೇ ಓದಿದಂತಾಗುತ್ತದೆ.

ಕಾವಲಿನವರ ಪಕ್ಷದಲ್ಲಿಯೂ ಹೇಳಬೇಕಾದ ಮಾತೊಂದಿದೆ. ಪ್ರತಿಯಿಂದ ಪ್ರತಿಗೆ ಹೋಗುವಾಗ ಅಕ್ಷರ ಜಾರುತ್ತದೆ. ಜೀವಸ್ಥಾನದ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದವು ಕಾಗದದ ಪ್ರತಿಗಳಲ್ಲಿ ಇರಲಿಲ್ಲ. ಇಲ್ಲಿ ಪದವೊಂದು ಬಿಟ್ಟುಹೋಗಿರಬೇಕೆಂದು ಸಂಪಾದಕರು ಊಹಿಸಿದಾಗ ವಿದ್ವಾಂಸರಲ್ಲಿ ತೀವ್ರವಾದ ವಾದವೆದ್ದಿತು. ಮುಂದೆ ಮೂಡುಬಿದಿರೆಯ ಭಟ್ಟಾರಕರೂ ಪಂಚರೂ ಉದಾರಮನಸ್ಸಿನಿಂದ ಓಲೆಗಳನ್ನು ತಾಳೆನೋಡಲು ಒಪ್ಪಿದರು. ಮೂಲ ಓಲೆಯಲ್ಲಿ ಆ ಪದವು ಇದ್ದಿತು. ಕಾಗದವು ಗ್ರಂಥವನ್ನು ದೇಶಕ್ಕೆಲ್ಲ ಹಂಚಿತು. ತಪ್ಪನ್ನು ತೋರಿಸಲು ಮಾತ್ರ ಎಂಟುನೂರು ವರ್ಷ ಕಾಯ್ದಿರಿಸಿದ ಓಲೆಯೇ ಬೇಕಾಯಿತು. ಆ ಒಪ್ಪಿಗೆಯು 1896ರಲ್ಲಿಯೇ ದೊರೆತಿದ್ದರೆ ಗಜಪತಿ ಉಪಾಧ್ಯಾಯರು ಮನೆಯಲ್ಲಿ ಗುಟ್ಟಾಗಿ ಬರೆಯಬೇಕಾದ ಪ್ರಮೇಯವೇ ಬರುತ್ತಿರಲಿಲ್ಲ.

ಈ ಇತಿಹಾಸದಿಂದ ಬಸದಿಗಳ ಆಡಳಿತ ಮಂಡಲಿಗಳು ಗ್ರಹಿಸಬೇಕಾದುದು ಇಷ್ಟೆ. ಗ್ರಂಥವು ಮಂಡಲಿಯ ಸ್ವತ್ತಲ್ಲ, ಅದರ ವಶದಲ್ಲಿರುವ ನ್ಯಾಸ. ನ್ಯಾಸಕ್ಕೆ ಲೆಕ್ಕವಿರಬೇಕು. ಎಷ್ಟು ಕಟ್ಟುಗಳಿವೆ, ಯಾವುದರಲ್ಲಿ ಎಷ್ಟು ಗರಿಗಳಿವೆ, ಯಾರು ಎಂದು ನೋಡಿದರು, ಯಾರಿಗೆ ಛಾಯಾಪ್ರತಿ ಕೊಡಲಾಯಿತು ಎಂಬುದು ಚಿನ್ನಬೆಳ್ಳಿಯ ಪಟ್ಟಿಯಂತೆಯೇ ವಹಿಯಲ್ಲಿ ದಾಖಲಾಗಬೇಕು. ಮೂಲವು ಹೊರಹೋಗಕೂಡದೆಂಬ ಕಟ್ಟಳೆ ಸರಿಯಾದುದೇ. ಪ್ರತಿಯೂ ಹೊರಹೋಗಕೂಡದೆಂದರೆ ಪ್ರಾಮಾಣಿಕನು ಹಿಂದಿರುಗುತ್ತಾನೆ, ಗುಟ್ಟು ಬಲ್ಲವನು ದಾರಿ ಹುಡುಕುತ್ತಾನೆ. ಮನೆಗಳ ಅಟ್ಟದಲ್ಲಿ ಹಿರಿಯರ ಓಲೆಯ ಕಟ್ಟೋ ಕಡತವೋ ಇದ್ದರೆ, ಹಳೆಯ ವಸ್ತು ಕೊಳ್ಳುವವರಿಗೆ ಮಾರುವ ಮುನ್ನ ಲಿಪಿ ಬಲ್ಲವರಿಗೆ ತೋರಿಸುವುದು ಶ್ರಾವಕರ ಕರ್ತವ್ಯ.

ಪ್ರತಿವರ್ಷ ಜ್ಯೇಷ್ಠ ಶುಕ್ಲ ಪಂಚಮಿಯಂದು ಶ್ರುತಪಂಚಮಿಯ ಪೂಜೆ ನಡೆಯುತ್ತದೆ. ಗ್ರಂಥಗಳನ್ನು ಪೀಠದ ಮೇಲಿರಿಸಿ ಅರ್ಘ್ಯವನ್ನು ಸಲ್ಲಿಸುವ ಮೊದಲು ಕಟ್ಟನ್ನು ಬಿಚ್ಚಿ, ಧೂಳನ್ನು ಒರೆಸಿ, ಗರಿಗಳನ್ನು ಎಣಿಸಿ, ಹೊಸ ವಸ್ತ್ರದಲ್ಲಿ ಕಟ್ಟಿಡುವ ಪದ್ಧತಿಯನ್ನು ಪ್ರತಿಯೊಂದು ಬಸದಿಯೂ ಪಾಲಿಸಲಿ. ಆ ದಿನ ಮಲ್ಲಿಕಬ್ಬೆಯೊಡನೆ ಲಕ್ಷ್ಮೀಬಾಯಿಯವರ ಹೆಸರನ್ನೂ ನೆನೆಯುವುದು ಯುಕ್ತ. ಒಬ್ಬಳು ಬರೆಯಿಸಿ ಕೊಟ್ಟಳು. ಇನ್ನೊಬ್ಬಳು ಗಂಡನ ಪಕ್ಕದಲ್ಲಿ ಕುಳಿತು ಆ ಬರವಣಿಗೆಗೆ ಕೈಗೂಡಿಸಿದಳು. ಹೀರಾಚಂದರ ನಿರಾಕರಣೆಯನ್ನೂ ಅದೇ ಗೌರವದಿಂದ ನೆನೆಯಬೇಕು. ಅವರು ಪ್ರತಿಯನ್ನು ಹಿಂದಿರುಗಿಸಿ ಗ್ರಂಥವನ್ನು ಕಳೆದುಕೊಂಡರು, ವ್ರತವನ್ನು ಉಳಿಸಿಕೊಂಡರು.