ನಳಿಗೆಯ ಅಳತೆ: ರಿವಾಲ್ವರ್ ಗುರಿಕಾರಿಕೆಯ ಒಂದು ಚರಿತ್ರೆ

1896ರ ಏಪ್ರಿಲ್ ತಿಂಗಳಿನಲ್ಲಿ ಅಥೆನ್ಸ್ ನಗರದಲ್ಲಿ ಆಧುನಿಕ ಒಲಿಂಪಿಕ್ ಕ್ರೀಡೆಗಳು ಮೊದಲ ಬಾರಿಗೆ ನಡೆದವು. ಅಲ್ಲಿನ ಗುರಿ ಹೊಡೆಯುವ ಸ್ಪರ್ಧೆಗಳಿಗೆ ಅಮೆರಿಕದ ಬಾಸ್ಟನ್ನಿನ ಜಾನ್ ಪೇಯ್ನ್ ಮತ್ತು ಸಮ್ನರ್ ಪೇಯ್ನ್ ಎಂಬ ಸಹೋದರರು ಬಂದಿದ್ದರು. ನಿಯಮಗಳು ಹೇಗಿರುವವೋ ಎಂಬ ಅನುಮಾನದಿಂದ ಅವರು ಬಗೆಬಗೆಯ ಕೈಬಂದೂಕುಗಳನ್ನೂ 3,500 ಗುಂಡುಗಳನ್ನೂ ಹೊತ್ತು ತಂದಿದ್ದರು. ಅವುಗಳಲ್ಲಿ ಕೋಲ್ಟ್ ಕಂಪನಿಯ ಸೈನಿಕ ರಿವಾಲ್ವರ್‌ಗಳಿದ್ದವು, ಸ್ಮಿತ್ ಅಂಡ್ ವೆಸನ್ ಕಂಪನಿಯ ‘ರಷ್ಯನ್’ ಮಾದರಿಯ ರಿವಾಲ್ವರ್‌ಗಳೂ ಇದ್ದವು. ಖರ್ಚಾದದ್ದು ಕೇವಲ 96 ಗುಂಡುಗಳು. 25 ಮೀಟರ್ ಸೈನಿಕ ಪಿಸ್ತೂಲು ಸ್ಪರ್ಧೆಯಲ್ಲಿ ಜಾನ್ 442 ಅಂಕಗಳೊಂದಿಗೆ ಮೊದಲಿಗನಾದನು. ಸಮ್ನರ್ 380 ಅಂಕಗಳಿಂದ ಎರಡನೆಯವನಾದನು. ಮೂರನೆಯ ಸ್ಪರ್ಧಿಗೆ ದೊರೆತದ್ದು 205.

ಅಣ್ಣತಮ್ಮಂದಿರ ಅಭ್ಯಾಸವೇ ಈ ಅಂತರಕ್ಕೆ ಮುಖ್ಯ ಕಾರಣವೆಂಬುದು ನಿಜ. ಆದರೆ ಗುರಿಕಾರಿಕೆಗೆ ರಿವಾಲ್ವರ್ ಆರಿಸುವವರ ಮುಂದೆ ಅಂದಿನಿಂದ ಇಂದಿನವರೆಗೂ ಒಂದು ಪ್ರಶ್ನೆ ನಿಂತೇ ಇದೆ: ನಳಿಗೆ ಎಷ್ಟು ಉದ್ದವಿರಬೇಕು? ಈ ಸಣ್ಣ ಪ್ರಶ್ನೆಗೆ ಕಣ್ಣು ಒಂದು ಉತ್ತರ ಕೊಡುತ್ತದೆ, ಕೈ ಇನ್ನೊಂದು. ಕ್ರೀಡಾ ನಿಯಮ ಕೊಡುವ ಉತ್ತರ ಮೂರನೆಯದು, ನಾಡಿನ ಕಾನೂನಿನದು ನಾಲ್ಕನೆಯದು. ಈ ನಾಲ್ವರ ಜಗ್ಗಾಟವೇ ಈ ಲೇಖನದ ವಿಷಯ.

ಮೊದಮೊದಲು ನಳಿಗೆಯ ಉದ್ದವನ್ನು ನಿರ್ಧರಿಸಿದವರು ಗುರಿಕಾರರಲ್ಲ, ಕುದುರೆ ಸವಾರರು. ಸ್ಯಾಮ್ಯುಯಲ್ ಕೋಲ್ಟ್ 1847ರಲ್ಲಿ ತಯಾರಿಸಿದ ‘ವಾಕರ್’ ರಿವಾಲ್ವರ್‌ಗೆ 9 ಅಂಗುಲದ ನಳಿಗೆಯಿತ್ತು. ಅದನ್ನು ಸೊಂಟಕ್ಕಿಂತ ಹೆಚ್ಚಾಗಿ ಜೀನಿನ ಚೀಲದಲ್ಲಿಯೇ ಒಯ್ಯುತ್ತಿದ್ದರು. 1873ರ ಕೋಲ್ಟ್ ಅಶ್ವದಳ ಮಾದರಿಯಲ್ಲಿ ಅದು ಏಳೂವರೆ ಅಂಗುಲವಾಯಿತು. ರಷ್ಯಾ ಚಕ್ರವರ್ತಿಯ ಸೇನೆಗಾಗಿ ಸ್ಮಿತ್ ಅಂಡ್ ವೆಸನ್ 1870ರ ದಶಕದಲ್ಲಿ ತಯಾರಿಸಿದ ರಿವಾಲ್ವರ್‌ಗಳಲ್ಲಿ ಈ ಇಳಿಮುಖ ಇನ್ನೂ ಸ್ಪಷ್ಟ: ಮೊದಲ ಮಾದರಿಯಲ್ಲಿ 8 ಅಂಗುಲ, ಎರಡನೆಯದರಲ್ಲಿ 7, ಮೂರನೆಯದರಲ್ಲಿ ಆರೂವರೆ. ಸೈನಿಕರಿಗಾಗಿ ಹುಟ್ಟಿದ ಈ ಮೂರನೆಯ ಮಾದರಿಯನ್ನು ಗುರಿಕಾರರು ಬಹುಬೇಗ ಮೆಚ್ಚಿಕೊಂಡರು.

ಅವರು ಮೆಚ್ಚಿದ್ದೇಕೆ? ಉದ್ದ ನಳಿಗೆಯಿಂದ ಗುಂಡು ಹೆಚ್ಚು ನೇರವಾಗಿ ಹೋಗುತ್ತದೆ ಎಂಬ ನಂಬಿಕೆ ಇಂದಿಗೂ ವ್ಯಾಪಕವಾಗಿದೆ. ಅದು ಪೂರ್ತಿ ಸರಿಯಲ್ಲ. ಚೆನ್ನಾಗಿ ತಯಾರಾದ ಗಿಡ್ಡ ನಳಿಗೆಯ ರಿವಾಲ್ವರನ್ನು ಅಲುಗದಂತೆ ಬಿಗಿದು ಹಾರಿಸಿದರೆ ಅದೂ ಉದ್ದ ನಳಿಗೆಯಷ್ಟೇ ಒತ್ತಾಗಿ ಗುಂಡುಗಳನ್ನು ಕೂರಿಸಬಲ್ಲದು. ಉದ್ದವು ಗುಂಡಿನ ವೇಗವನ್ನು ಸ್ವಲ್ಪ ಹೆಚ್ಚಿಸುವುದು ದಿಟ. ಆದರೆ 25 ಮೀಟರ್ ದೂರದ ಕಾಗದವನ್ನು ತೂತು ಮಾಡಲು ವೇಗದ ಅವಸರವಿಲ್ಲ. ಉದ್ದ ನಳಿಗೆಯ ನಿಜವಾದ ಉಪಕಾರ ಆಗುವುದು ಕಣ್ಣಿಗೆ.

ರಿವಾಲ್ವರಿನ ಹಿಂಭಾಗದಲ್ಲಿ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ಒಂದು ಮೊನೆ ಇರುತ್ತವೆ. ಕಚ್ಚಿನ ನಡುವೆ ಮೊನೆಯನ್ನು ಸಮವಾಗಿ ಕೂರಿಸುವುದೇ ಗುರಿ ಹಿಡಿಯುವ ಕ್ರಮ. ಇವೆರಡರ ನಡುವಿನ ದೂರ ಹೆಚ್ಚಿದಷ್ಟೂ ಕಣ್ಣಿನ ತಪ್ಪಿಗೆ ಸಿಗುವ ದಂಡನೆ ಕಡಿಮೆ. ಲೆಕ್ಕ ಸುಲಭವಾಗಿದೆ. ಮೊನೆಯು ಕಚ್ಚಿನ ನಡುವಿನಿಂದ ಅರ್ಧ ಮಿಲಿಮೀಟರ್ ಸರಿದಿದೆ ಎಂದುಕೊಳ್ಳೋಣ. 4 ಅಂಗುಲ ನಳಿಗೆಯ ರಿವಾಲ್ವರಿನಲ್ಲಿ ಮೊನೆಗೂ ಕಚ್ಚಿಗೂ ಸುಮಾರು 145 ಮಿಲಿಮೀಟರ್ ಅಂತರ. 25 ಮೀಟರಿನಲ್ಲಿ ಗುಂಡು ಸುಮಾರು 86 ಮಿಲಿಮೀಟರ್ ಆಚೆ ಬೀಳುತ್ತದೆ. 6 ಅಂಗುಲದ್ದರಲ್ಲಿ ಅಂತರ ಸುಮಾರು 195. ಗುಂಡು ಸರಿಯುವುದು 64 ಮಿಲಿಮೀಟರ್. 8 ಅಂಗುಲಕ್ಕೆ ತುಸು ಮೀರಿದ ನಳಿಗೆಯಲ್ಲಿ ಅಂತರ ಸುಮಾರು 250. ತಪ್ಪು 50 ಮಿಲಿಮೀಟರ್. ಅಂತರರಾಷ್ಟ್ರೀಯ ನಿಖರ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತರ ವೃತ್ತದ ವ್ಯಾಸ 50 ಮಿಲಿಮೀಟರ್, ಒಂಬತ್ತರದು 100, ಎಂಟರದು 150, ಏಳರದು 200. ಅಂದರೆ ಕಣ್ಣಿನ ಅದೇ ತಪ್ಪಿಗೆ ಗಿಡ್ಡ ನಳಿಗೆಯವನಿಗೆ ಏಳು ಅಂಕ, ನಡು ಅಳತೆಯವನಿಗೆ ಎಂಟು, ಉದ್ದ ನಳಿಗೆಯವನಿಗೆ ಒಂಬತ್ತು.

ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ಕಂಡವರಿಗೆ ಈ ಮಾತು ಬೇಗ ಅರ್ಥವಾದೀತು. ಕೋವಿಯ ನಳಿಗೆ ಉದ್ದ, ಹಿಡಿ ಭುಜಕ್ಕೆ ಆನಿಸಿರುತ್ತದೆ, ಎರಡು ಕೈಗಳ ಆಸರೆಯೂ ಇರುತ್ತದೆ. ಚಾಚಿದ ಒಂದೇ ಕೈಯಲ್ಲಿ ರಿವಾಲ್ವರ್ ಹಿಡಿದವನಿಗೆ ಈ ಮೂರೂ ಇಲ್ಲ. ಅವನಿಗೆ ನಳಿಗೆಯ ಪ್ರತಿಯೊಂದು ಅಂಗುಲವೂ ದೊಡ್ಡದು.

ಹಾಗಾದರೆ ನಳಿಗೆಯನ್ನು ಇನ್ನಷ್ಟು ಉದ್ದ ಮಾಡಬಾರದೇಕೆ? ಇಲ್ಲಿ ಕೈ ತನ್ನ ಆಕ್ಷೇಪಣೆ ಸಲ್ಲಿಸುತ್ತದೆ. ತುದಿಯಲ್ಲಿ ಕೊಂಚ ಭಾರವಿದ್ದರೆ ನಡುಕ ತಗ್ಗುತ್ತದೆ. ಭಾರ ಮಿತಿಮೀರಿದರೆ ಅದೇ ಕೈ ಸೋತು ಇನ್ನಷ್ಟು ನಡುಗುತ್ತದೆ. ಅರುವತ್ತು ಗುಂಡುಗಳ ಸ್ಪರ್ಧೆಯಲ್ಲಿ ಮೊದಲ ಹತ್ತಕ್ಕೆ ಹಿತವೆನಿಸಿದ ತೂಕ ಕೊನೆಯ ಹತ್ತಕ್ಕೆ ಹೊರೆಯಾಗುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಉದ್ದ ನಳಿಗೆ ಕಣ್ಣಿನ ತಪ್ಪನ್ನು ಕಡಿಮೆ ಮಾಡುವುದಷ್ಟೇ ಅಲ್ಲ, ಅದನ್ನು ಎತ್ತಿಯೂ ತೋರಿಸುತ್ತದೆ. ಮೊನೆ ಅತ್ತಿತ್ತ ಓಲಾಡುವುದನ್ನು ಕಂಡ ಹೊಸಬನು, ಅದು ನಡುವಿಗೆ ಬಂದ ಕ್ಷಣವನ್ನು ಹಿಡಿಯಬೇಕೆಂದು ಟ್ರಿಗರನ್ನು ಜಗ್ಗಿಬಿಡುತ್ತಾನೆ. ಆ ಜಗ್ಗಾಟ ಮಾಡುವ ಹಾನಿ ಓಲಾಟದ ಹಾನಿಗಿಂತ ದೊಡ್ಡದು. ನಡುವಯಸ್ಸು ದಾಟಿದವರಿಗೆ ಮಾತ್ರ ಉದ್ದ ನಳಿಗೆ ಬೇರೊಂದು ಉಪಕಾರ ಮಾಡುತ್ತದೆ: ಹತ್ತಿರದ್ದು ಮಸುಕಾಗುವ ಕಣ್ಣಿಗೆ ದೂರದ ಮೊನೆ ಸ್ವಲ್ಪ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಕೈಕಣ್ಣುಗಳ ಈ ವ್ಯಾಜ್ಯ ವಿಚಾರಣೆಗೆ ಬಂದ ದೊಡ್ಡ ಅಂಗಳ ನಾವು ಈಗ ನೆಲೆಸಿರುವ ಈ ದೇಶದಲ್ಲಿಯೇ ಇದೆ. ವಿಂಬಲ್ಡನ್ನಿನ ಬಯಲಿನಲ್ಲಿ ನಡೆಯುತ್ತಿದ್ದ ರಾಷ್ಟ್ರೀಯ ರೈಫಲ್ ಸಂಘದ ಸ್ಪರ್ಧೆಗಳು 1890ರಲ್ಲಿ ಸರ್ರೆ ಪ್ರಾಂತದ ಬಿಸ್ಲಿಗೆ ಸ್ಥಳಾಂತರವಾದವು. ಆ ಹೆಸರಿಗೆ ಎಂತಹ ಕೀರ್ತಿ ಬಂದಿತೆಂದರೆ, ಕೋಲ್ಟ್ ಕಂಪನಿಯು 1894ರಲ್ಲಿ ಗುರಿಕಾರರಿಗೆಂದೇ ಹಿಡಿಯನ್ನು ತಿದ್ದಿ ಹೊರತಂದ ರಿವಾಲ್ವರಿಗೆ ‘ಬಿಸ್ಲಿ’ ಎಂದೇ ಹೆಸರಿಟ್ಟಿತು. ಆ ಕಾಲದ ಬಿಸ್ಲಿಯಲ್ಲಿ ಹೆಸರಾದವರಲ್ಲಿ ವಾಲ್ಟರ್ ವಿನನ್ಸ್ ಒಬ್ಬರು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಜನಿಸಿದ ಈ ಅಮೆರಿಕನ್ ಪ್ರಜೆ ಬಾಳಿದ್ದು ಇಂಗ್ಲೆಂಡಿನಲ್ಲಿ. ರಿವಾಲ್ವರ್ ಕಲೆಯ ಕುರಿತು 1901ರಲ್ಲಿ ಗ್ರಂಥವನ್ನೇ ಬರೆದರು. 1908ರ ಒಲಿಂಪಿಕ್ ಗುರಿ ಸ್ಪರ್ಧೆಯಲ್ಲಿ ಚಿನ್ನ ಗೆದ್ದು, 1912ರಲ್ಲಿ ಶಿಲ್ಪಕಲೆಗಾಗಿ ಇನ್ನೊಂದು ಚಿನ್ನ ಪಡೆದ ಅಪರೂಪದ ವ್ಯಕ್ತಿ ಅವರು.

ಸ್ಪರ್ಧೆ ಬೆಳೆದಂತೆ ಅಳತೆಗೋಲೂ ಬಂದಿತು. ಒಬ್ಬನು ಉದ್ದ ನಳಿಗೆಯ ಲಾಭ ಪಡೆದರೆ ಇನ್ನೊಬ್ಬನಿಗೆ ಅನ್ಯಾಯವಲ್ಲವೇ? ಅಮೆರಿಕದ ನಿಯಮವು ಮೊನೆ ಕಚ್ಚುಗಳ ನಡುವಿನ ಅಂತರ 10 ಅಂಗುಲ ಮೀರಬಾರದೆಂದಿತು. ಸ್ಮಿತ್ ಅಂಡ್ ವೆಸನ್ ಕಂಪನಿ 1935ರಲ್ಲಿ ಹೊರತಂದ ಮ್ಯಾಗ್ನಮ್ ರಿವಾಲ್ವರಿನ ಅತ್ಯಂತ ಉದ್ದದ ನಳಿಗೆ ಎಂಟೂಮುಕ್ಕಾಲು ಅಂಗುಲವಿತ್ತು. ಈ ನಿಯಮಕ್ಕೆ ಹೊಂದಿಸಲು ಅದನ್ನು 8 ಅಂಗುಲದ ಮೇಲೆ ಮೂರು ಎಂಟಾಂಶಕ್ಕೆ ಇಳಿಸಲಾಯಿತು. ಆ ವಿಚಿತ್ರ ಅಳತೆ ಮುಂದೆ ಹಲವು ದಶಕಗಳ ಕಾಲ ಉಳಿದುಕೊಂಡಿತು. ಆದರೂ ಅಮೆರಿಕದ ಗುರಿಕಾರರಲ್ಲಿ ಹೆಚ್ಚು ಬಳಕೆಗೆ ಬಂದದ್ದು ನಿಯಮ ಒಪ್ಪುವ ಅತಿ ಉದ್ದದ ನಳಿಗೆಯಲ್ಲ, 6 ಅಂಗುಲದ್ದು. ಅಂತರರಾಷ್ಟ್ರೀಯ ಸೆಂಟರ್ ಫೈರ್ ಸ್ಪರ್ಧೆಯ ನಿಯಮದಲ್ಲಿಯೂ ನಳಿಗೆಯ ಮಿತಿ 153 ಮಿಲಿಮೀಟರ್, ಅಂದರೆ ಆರು ಅಂಗುಲವೇ. ರಿವಾಲ್ವರಿನಲ್ಲಿ ಈ ಅಳತೆಗೆ ಗುಂಡು ತುಂಬುವ ಉರುಳೆಯನ್ನು ಸೇರಿಸುವುದಿಲ್ಲ.

ಕೈಯ ಮಾತಿಗೆ ಎಷ್ಟು ತೂಕವಿದೆಯೆಂಬುದಕ್ಕೆ ಇನ್ನೊಂದು ಸಾಕ್ಷಿ 50 ಮೀಟರ್ ಪಿಸ್ತೂಲು ಸ್ಪರ್ಧೆ. ಅದು ರಿವಾಲ್ವರಿನದಲ್ಲ, ಅಲ್ಲಿ ಬಳಸುವುದು ಒಂದೊಂದೇ ಗುಂಡು ತುಂಬುವ ಪಿಸ್ತೂಲು. ಆ ನಿಯಮಾವಳಿಯಲ್ಲಿ ನಳಿಗೆಗೆ ಯಾವ ಮಿತಿಯೂ ಇಲ್ಲ. ಹಾಗೆಂದು ಯಾರೂ ರೈಫಲಿನಷ್ಟು ಉದ್ದದ ನಳಿಗೆ ಹಿಡಿದು ನಿಲ್ಲಲಿಲ್ಲ. ನಿಯಮ ಸುಮ್ಮನಿದ್ದರೂ ತೋಳು ಸುಮ್ಮನಿರಲಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಕೆನಡಾದಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದು, ತಾಯ್ನಾಡಿಗೆ ಮರಳಿ ಗುರಿಕಾರರಾದವರು ಅವರು.

ನಾಲ್ಕನೆಯ ಉತ್ತರ ಬಂದದ್ದು ದುಃಖದಿಂದ. 1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಊರಿನ ಶಾಲೆಯಲ್ಲಿ ಹದಿನಾರು ಮಕ್ಕಳೂ ಅವರ ಶಿಕ್ಷಕಿಯೂ ಕೈಬಂದೂಕಿಗೆ ಬಲಿಯಾದರು. ಮರುವರ್ಷದ ಕಾಯಿದೆಗಳು ಉತ್ತರ ಐರ್ಲೆಂಡಿನ ಹೊರತು ದೇಶದಾದ್ಯಂತ 30 ಸೆಂಟಿಮೀಟರಿಗಿಂತ ಗಿಡ್ಡ ನಳಿಗೆಯ, ಅಥವಾ ಒಟ್ಟು 60 ಸೆಂಟಿಮೀಟರಿಗಿಂತ ಗಿಡ್ಡದಾದ ಬಂದೂಕುಗಳನ್ನು ಕೆಲವು ವಿನಾಯಿತಿಗಳ ಹೊರತು ನಿಷೇಧಿಸಿದವು. ಅದುವರೆಗೆ ಗುರಿಕಾರರು ಕೇಳುತ್ತಿದ್ದುದು ‘ಈ ನಳಿಗೆಯಿಂದ ಎಷ್ಟು ಚೆನ್ನಾಗಿ ಹೊಡೆಯಬಹುದು’ ಎಂದು. ಸಮಾಜ ಕೇಳಿದ್ದು ‘ಇದನ್ನು ಎಷ್ಟು ಸುಲಭವಾಗಿ ಬಚ್ಚಿಡಬಹುದು’ ಎಂದು. ಮಕ್ಕಳನ್ನು ಕಳೆದುಕೊಂಡ ಊರಿನ ಮುಂದೆ ಎರಡನೆಯ ಪ್ರಶ್ನೆಯ ಭಾರವೇ ಹೆಚ್ಚೆಂಬುದನ್ನು ಅಲ್ಲಗಳೆಯಲಾಗದು.

ಆದರೂ ಕ್ರೀಡೆ ಪೂರ್ತಿಯಾಗಿ ಕಣ್ಮರೆಯಾಗಲಿಲ್ಲ. ಬ್ರಿಟನ್ನಿನ ಗುರಿಕಾರರು 30 ಸೆಂಟಿಮೀಟರ್ ನಳಿಗೆಯ, ಹಿಡಿಯಿಂದ ಹಿಂದಕ್ಕೆ ಚಾಚಿದ ಕಂಬಿಯುಳ್ಳ ರಿವಾಲ್ವರುಗಳನ್ನು ಬಳಕೆಗೆ ತಂದರು. ನೋಟಕ್ಕೆ ಅದು ಕೊಕ್ಕರೆಯಂತೆ. ಆದರೆ ಕಾನೂನಿನ ಅಳತೆಗೆ ಸರಿ. 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡೆಗಳ ಪಿಸ್ತೂಲು ಸ್ಪರ್ಧೆಗಳು ವಿಶೇಷ ಅನುಮತಿಯ ಮೇಲೆ ಬಿಸ್ಲಿಯಲ್ಲಿಯೇ ನಡೆದವು. ಭಾರತದ ಗುರಿಕಾರರು ಅಲ್ಲಿ ಚಿನ್ನದ ಸುಗ್ಗಿಯನ್ನೇ ಮಾಡಿದರು.

ಇನ್ನು, ಕಾನೂನು ಅನುಮತಿಸುವ ದೇಶಗಳಲ್ಲಿ ಗುರಿಕಾರಿಕೆ ಕಲಿಯುವವರಿಗೆ ಈ ಚರಿತ್ರೆ ನೀಡುವ ಬುದ್ಧಿವಾದ ಸರಳವಾಗಿದೆ. ಅತಿ ಉದ್ದದ್ದನ್ನು ಆರಿಸುವುದು ಜಾಣತನವಲ್ಲ. ಕೊನೆಯ ಗುಂಡಿನವರೆಗೂ ತೋಳು ಸೋಲದೆ ಹೊರಬಲ್ಲ ಅಳತೆಯೇ ಸರಿಯಾದ ಅಳತೆ. ಬಹುಮಂದಿಗೆ ಅದು ಆರು ಅಂಗುಲದ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ರಷ್ಯಾದ ಸೇನೆಗೆ ಒಪ್ಪಿದ ಆರೂವರೆಗೂ ಇಂದಿನ ನಿಯಮ ಪುಸ್ತಕದ 153 ಮಿಲಿಮೀಟರಿಗೂ ನಡುವಿನ ವ್ಯತ್ಯಾಸ ಬೆರಳಗಲವೂ ಇಲ್ಲ.